ಮರುವಾಯಿ ಸಾರು ಉಂಡ ದಿನ

ಮೊದಲು ಜೋಮು ಹಿಡಿದದ್ದು ತುಟಿಗೆ.

ಉಂಡ ತಟ್ಟೆ ತೊಳೆದು ಹಿತ್ತಿಲ ಕಲ್ಲಿನ ಮೇಲೆ ಕವುಚಿ ಹಾಕುತ್ತಿದ್ದೆ. ಕೆಳತುಟಿಯ ಅಂಚಿನಲ್ಲಿ ಇರುವೆ ಹರಿದ ಹಾಗಾಯಿತು. ಒರೆಸಿಕೊಂಡೆ. ಇರುವೆ ಇರಲಿಲ್ಲ. ಪಾತ್ರೆ ಮುಗಿಯುವುದರೊಳಗೆ ಮೇಲ್ತುಟಿಗೂ ಬಂತು. ಕಾಲು ಮಡಿಚಿ ಬಹಳ ಹೊತ್ತು ಕೂತು ಎದ್ದಾಗ ಪಾದಕ್ಕೆ ಆಗುತ್ತದಲ್ಲ, ಅದೇ ಜೋಮು, ತುಟಿಯಲ್ಲಿ.

ಈ ಸಲದ ಮಳೆ ಇಳಿದು, ಘಟ್ಟದ ರಸ್ತೆಯಲ್ಲಿ ಲಾರಿಗಳು ಮತ್ತೆ ಓಡಾಡತೊಡಗಿದಾಗ ನಡೆದದ್ದು ಇದು. ಈಗ ಕಾಫಿ ಹಣ್ಣಾಗುತ್ತಿದೆ. ಪೆನ್ನು ಹಿಡಿಯುವಷ್ಟು ಗಟ್ಟಿ ನನ್ನ ಕೈಗೆ ಬಂದು ಬಹಳ ದಿನವಾಯಿತು. ಮನಸ್ಸಿಗೆ ಬಂದಿರಲಿಲ್ಲ.

ನಾವಿರುವುದು ಸಂಪಾಜೆಗೆ ಹತ್ತಿರದ ಒಂದು ಎಸ್ಟೇಟಿನಲ್ಲಿ. ನಮ್ಮವರು ಅಲ್ಲಿ ರೈಟರ್. ಆಳುಗಳ ಹಾಜರಿ, ಲಾರಿಯ ಟ್ರಿಪ್ಪು, ಏಲಕ್ಕಿ ಮೂಟೆ, ಎಲ್ಲವನ್ನೂ ಬರೆಯುವವರು ಅವರೇ. ಮನೆಯಲ್ಲಿ ಮೂವರಿದ್ದೆವು: ನಮ್ಮವರು, ಅವರ ತಾಯಿ ಕೆಂಚಮ್ಮ, ನಾನು. ಮೂವರೂ ಕೊಡ್ಲಿಪೇಟೆ ಕಡೆಯವರು. ಹೊಳೆಮೀನು, ಗದ್ದೆಯ ಏಡಿ ತಿಂದು ಬೆಳೆದವರು; ಕಡಲನ್ನು ಕಂಡವರಲ್ಲ. ಇಲ್ಲಿಗೆ ಬಂದ ಮೇಲೆ ಕಡಲಿನ ಪದಾರ್ಥ ತಾನಾಗಿ ಘಟ್ಟ ಹತ್ತಿ ನಮ್ಮ ಅಡಿಗೆಮನೆಗೆ ಬಂತು. ಅಪ್ಪಿ ಎಂಬ ಹೆಂಗಸು ವಾರಕ್ಕೊಮ್ಮೆ ಬೆಳಗಿನ ಬಸ್ಸಿನಲ್ಲಿ ಬುಟ್ಟಿ ತರುತ್ತಾಳೆ. ಬೂತಾಯಿ, ಬಂಗುಡೆ, ಕೆಲವು ಸಲ ಮರುವಾಯಿ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ, ನೀರು ಇಳಿದ ಹೊತ್ತಿಗೆ ಮರಳಿನಿಂದ ಹೆಕ್ಕುವ ಚಿಪ್ಪು ಅದು. ಬೇಯಿಸಿದರೆ ಬಾಯಿ ಬಿಡುತ್ತದೆ, ಒಳಗೆ ಒಂದು ತುತ್ತೂ ಆಗದ ಮಾಂಸ. ನನಗೂ ನಮ್ಮವರಿಗೂ ಅದರ ರುಚಿ ಹತ್ತಿತ್ತು.

ಅತ್ತೆಗೆ ಅದನ್ನು ಕಂಡರಾಗದು. "ಏಡಿಗಾದ್ರೆ ಕಾಲದೆ, ಕಣ್ಣದೆ. ಇದೇನೇ ಇದು, ಬಾಗ್ಲು ಹಾಕ್ಕಂಡಿರೋ ಕಲ್ಲು," ಎನ್ನುತ್ತಿದ್ದರು. ಒಂದು ದಿನವೂ ತಿನ್ನಲಿಲ್ಲ. ಹಾಗಂತ ಸೌಟನ್ನು ನನ್ನ ಕೈಗೆ ಕೊಟ್ಟವರೂ ಅಲ್ಲ. ನಾನು ಮದುವೆಯಾಗಿ ಬಂದಂದಿನಿಂದ ಅವರಿದ್ದ ಮನೆಯಲ್ಲಿ ಒಗ್ಗರಣೆ ಹಾಕಿದ್ದು ಅವರಿಗೆ ಜ್ವರ ಬಂದ ದಿನಗಳಲ್ಲಿ ಮಾತ್ರ, ಆಗಲೂ ಮಲಗಿದಲ್ಲಿಂದಲೇ ಸಾಸಿವೆ ಸಿಡಿದ ಸದ್ದು ಕೇಳಿ ತಪ್ಪು ಹಿಡಿಯುತ್ತಿದ್ದರು. ನಾವಿಬ್ಬರೂ ಜಗಳವಾಡದ ದಿನ ನಮ್ಮವರಿಗೇ ಗಾಬರಿಯಾಗುತ್ತಿತ್ತು. "ಏನವ್ವಾ, ಇಬ್ರೂ ಹುಷಾರಿದೀರಾ?" ಎಂದು ಕೇಳುತ್ತಿದ್ದರು.

ಅತ್ತೆಯ ಹೆಮ್ಮೆಯೆಲ್ಲ ಕೆಸವಿನಲ್ಲಿತ್ತು. ಕೆಸವಿನ ಸೊಪ್ಪನ್ನು ಬಾಯಿ ತುರಿಸದ ಹಾಗೆ ಬೇಯಿಸಬಲ್ಲವಳೇ ಅಡಿಗೆಯವಳು, ಮಿಕ್ಕವರೆಲ್ಲ ಒಲೆಗೆ ಸೌದೆ ದಂಡ ಮಾಡುವವರು ಎಂಬುದು ಅವರ ಮಾತು. ಸೊಪ್ಪು ಕೀಳಲು ನನ್ನನ್ನು ಎಂದೂ ಕಳಿಸಲಿಲ್ಲ. ದಂಟು ನೋಡಿ, ಎಲೆ ಮಗುಚಿ ನೋಡಿ, ತಾವೇ ಆರಿಸಿ ಕೀಳುವರು. ಸ್ವಲ್ಪ ಬಾಡಿಸಿ, ಹುಣಿಸೆಹಣ್ಣು ಧಾರಾಳ ಹಾಕಿ ಕುದಿಸುವರು. ನಮ್ಮ ಕಡೆ ಏಡಿ ಸಾರಿಗೆ ಕೆಸ ಬೀಳುವ ಹಾಗೆ ಮರುವಾಯಿ ಸಾರಿಗೂ ಹಾಕತೊಡಗಿದ್ದು ಅವರದೇ ಪದ್ಧತಿ. ಮೇಲಿನ ಮನೆಯ ಪೂವಕ್ಕ ಅದನ್ನು ಕಂಡು ಮೊದಮೊದಲು ಮೂಗು ಮುರಿದು, ಆಮೇಲೆ ಬಟ್ಟಲು ಹಿಡಿದುಕೊಂಡು ಬರತೊಡಗಿದ್ದಳು.

ಆ ಸಲ ಅಪ್ಪಿ ಬಾರದೆ ಮೂರು ವಾರವಾಗಿತ್ತು. ಜ್ವರವೋ, ಮಗಳ ಬಾಣಂತನವೋ ಎಂದುಕೊಂಡೆವು. ಮರುವಾಯಿ ತಂದದ್ದು ಎಸ್ಟೇಟಿನ ಲಾರಿಯ ಡ್ರೈವರ್ ಐತಪ್ಪ. ಕೆಳಗೆ ಹೋದ ಲಾರಿ ರೈಟರ ಮನೆಗೆಂದು ಏನಾದರೂ ತರುವುದು ಇಲ್ಲಿಯ ವಾಡಿಕೆ. ಉಪ್ಪಿನ ಮೂಟೆಯ ಜೊತೆ ಒಂದು ಸಣ್ಣ ಚೀಲ ಇಳಿಸಿದ. ನಮ್ಮವರು ಕೈಚಾಚಿ ಕೇಳಿದವರಲ್ಲ. ತಂದರೆ ಬೇಡ ಎಂದವರೂ ಅಲ್ಲ.

"ರಸ್ತೆ ಬದಿಲಿ ರಾಶಿ ಹಾಕಿ ಕೂತಿದ್ದ ಅಕ್ಕಾ. ತಕ್ಕೊಳ್ಳುವವರೇ ಇಲ್ಲ. ಚೀಲ ಪೂರ್ತಿ ತಕೊಂಡು ಹೋಗಿ ಅಂದ," ಎಂದ ಐತಪ್ಪ.

ನಾವು ಹಿಗ್ಗಿದೆವು. ಕಡಲಿನ ಊರಿನಲ್ಲಿ ಮರುವಾಯಿ ಕೊಳ್ಳುವವರು ಏಕಿಲ್ಲ ಎಂದು ಕೇಳಲಿಲ್ಲ.

ಕೇಳಬೇಕಿತ್ತು.

ಮಾರನೆಯ ದಿನ ನಮ್ಮವರು ಬೆಳಗಾಗುತ್ತಲೇ ರೊಟ್ಟಿ ತಿಂದು ಕೆಳಗಿನ ತೋಟಕ್ಕೆ ಹೋಗಿದ್ದರು. ಅವರ ಪಾಲನ್ನು ಅತ್ತೆ ಬೇರೆ ತೆಗೆದು ಒಲೆಯ ಪಕ್ಕ ಇಟ್ಟರು. ಹತ್ತು ಗಂಟೆಯ ಊಟಕ್ಕೆ ನಾನೊಬ್ಬಳೇ ಕೂತೆ. ಅತ್ತೆ ಮಜ್ಜಿಗೆ ಅನ್ನ ಉಂಡರು. ಸಾರು ಚೆನ್ನಾಗಿತ್ತು. ಇದನ್ನು ಬರೆಯಲೇಬೇಕು. ಕಹಿ ಇರಲಿಲ್ಲ, ನಾತವಿರಲಿಲ್ಲ, ಗಂಟಲು ಕೆರೆಯಲಿಲ್ಲ. ಎರಡನೆಯ ಸಲ ಬಡಿಸಿಕೊಂಡೆ.

ತುಟಿಯ ಜೋಮು ಬೆರಳಿಗೆ ಇಳಿದಾಗ ಅತ್ತೆಯನ್ನು ಕರೆದೆ. ಅವರು ಬಂದು ನನ್ನ ಬಾಯಿ ತೆರೆಸಿ ನೋಡಿದರು. ಅಷ್ಟರಲ್ಲಿ ಪೂವಕ್ಕ ಬಟ್ಟಲು ಹಿಡಿದು ಬಂದಳು.

"ಎಂತ ಆತ್ ನಂಜಕ್ಕ?"

"ಬಾಯಿ ಒಂಥರಾ ಆಗ್ತಿದೆ," ಎಂದೆ.

ಪೂವಕ್ಕ ನಕ್ಕಳು. "ಕೆಸುನ ತುರಿಕೆ ಅದ್. ಹುಳಿ ಕಮ್ಮಿ ಆಗುಟು. ಏನೂ ಆಕಿಲ್ಲೆ."

"ತುರಿಕೆ ಅಲ್ಲ ಪೂವಕ್ಕ, ಜೋಮು," ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಕಡೆಯವರು ಮಳೆಗಾಲ ಪೂರ್ತಿ ಕೆಸ ತಿನ್ನುವ ಜನ. ಕೆಸ ತಿಂದು ಬಾಯಿ ಏನೋ ಆಗುತ್ತಿದೆ ಎಂದರೆ ಅದು ತುರಿಕೆಯೇ. ಅದಕ್ಕೆ ಮದ್ದು ಹುಳಿಯೇ. ಹುಣಿಸೆನೀರು ಕುಡಿಸಿದರು. ಪೂವಕ್ಕ ಓಡಿಹೋಗಿ ತನ್ನ ಮನೆಯಿಂದ ಕಾಚಂಪುಳಿ ತಂದು ನಾಲಗೆಗೆ ಹಚ್ಚಿದಳು. ಆ ಕಡು ಹುಳಿಗೆ ಹಲ್ಲು ಜುಮ್ಮೆನ್ನಬೇಕಿತ್ತು. ನನಗೆ ಹುಳಿಯೇ ತಿಳಿಯಲಿಲ್ಲ.

ಆಗ ಹೆದರಿಕೆ ಶುರುವಾಯಿತು.

ನಿಂತರೆ ಮೊಣಕಾಲು ನನ್ನದಲ್ಲ ಎನ್ನುವ ಹಾಗೆ ಮಡಿಚಿಕೊಳ್ಳುತ್ತಿತ್ತು. ಚಾಪೆಯ ಮೇಲೆ ಮಲಗಿಸಿದರು. ನಾಲಗೆ ದಪ್ಪವಾಗಿ ಮಾತು ತೊದಲತೊಡಗಿತು. ಪೂವಕ್ಕನ ನಗು ನಿಂತಿತ್ತು. ಅವಳು ಕೇಳಿದ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. "ಯಾರ್ ಕೊಯ್ದದ್ ಸೊಪ್ಪುನ? ಕಾಡ್ ಕೆಸು ಏನಾರ್ ಸೇರ್‌ತಾ ಕೆಂಚಮ್ಮ?"

ಅತ್ತೆಯ ಮುಖ ನನಗೆ ಚೆನ್ನಾಗಿ ಕಾಣುತ್ತಿತ್ತು. ಯಾರೋ ಕೆನ್ನೆಗೆ ಹೊಡೆದ ಹಾಗೆ ಆಯಿತು ಆ ಮುಖ.

"ಕಾಡು ಕೆಸ ಯಾವ್ದು, ಊರು ಕೆಸ ಯಾವ್ದು ಅಂತ ನಂಗೆ ಹೇಳ್ಕೊಡ್ತೀಯಾ? ನಲ್ವತ್ತು ವರ್ಷ ಆಯ್ತು ನಾನು ಒಲೆ ಮುಂದೆ ಕೂತು. ನನ್ ಕೈ ಕೆಸ ತಿಂದು ಒಬ್ರಿಗಾದ್ರೂ ಬಾಯಿ ತುರ್ಸಿತ್ತಾ?"

ಎದ್ದು ಒಳಗೆ ಹೋದರು. ಸಾರಿನ ಪಾತ್ರೆಯನ್ನೇ ಎತ್ತಿಕೊಂಡು ಬಂದು ನನ್ನ ಎದುರು ಕೂತರು. ಮಗನ ಪಾಲನ್ನೂ ಅದಕ್ಕೇ ಸುರಿದುಕೊಂಡಿದ್ದರು. ಚಿಪ್ಪುಗಳನ್ನು ಸೌಟಿನಿಂದ ಪಕ್ಕಕ್ಕೆ ತಳ್ಳಿ, ಸೊಪ್ಪು ಮತ್ತು ಸಾರು ಮಾತ್ರ ಅನ್ನದ ಮೇಲೆ ಹಾಕಿಕೊಂಡರು. ಕಲಸಿದರು.

ನಾನು ಬೇಡ ಎಂದೆ. ಎಂದೆ ಅಂದುಕೊಂಡೆ. ತುಟಿ ಕೂಡಲಿಲ್ಲ, ನಾಲಗೆ ಏಳಲಿಲ್ಲ. ಗಂಟಲಿನಲ್ಲಿ ಒಂದು ಗೊರಗೊರ ಸದ್ದು ಬಂತು, ಅಷ್ಟೇ. ಕೈ ಎತ್ತಿ ತಟ್ಟೆ ನೂಕೋಣವೆಂದರೆ ಕೈ ಚಾಪೆಯ ಮೇಲೆ ಬಿದ್ದೇ ಇತ್ತು. ಅವರು ತುತ್ತಿನ ಮೇಲೆ ತುತ್ತು ಉಂಡರು. ಮಧ್ಯೆ ಮಧ್ಯೆ ಬಾಯಿ ತೆರೆದು ಪೂವಕ್ಕನಿಗೆ ತೋರಿಸಿದರು. ಸೌಟಿನಲ್ಲಿ ಉಳಿದ ಸಾರನ್ನು ಕುಡಿದೂಬಿಟ್ಟರು.

"ನೋಡು. ಎಲ್ಲಿ ತುರಿಸ್ತದೆ ನಂಗೆ? ನೋಡೇ ನಂಜಾ. ಏನಾದ್ರೂ ಆಯ್ತಾ?"

ಏನೂ ಆಗಿರಲಿಲ್ಲ. ಇನ್ನೂ. ಗೆದ್ದವರ ಹಾಗೆ ಬಾಯಿ ಒರೆಸಿಕೊಂಡು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅತ್ತೆ ಸೊಸೆ ಜಗಳದಲ್ಲಿ ಅವರು ಗೆದ್ದ ದಿನಗಳೇ ಹೆಚ್ಚು. ಈ ಒಂದು ದಿನ ಸೋತಿದ್ದರೆ ಸಾಕಿತ್ತು ಎಂದು ಈಗ ಅನ್ನಿಸುತ್ತದೆ.

ಪೂವಕ್ಕನ ಗಂಡ ಓಡಿಹೋಗಿ ನಮ್ಮವರನ್ನು ಕರೆತಂದ. ಐತಪ್ಪ ಲಾರಿ ತಂದ. ಹಿಂದಿನ ಹಲಗೆ ಇಳಿಸಿ, ಗೋಣಿ ಹಾಸಿ ನನ್ನನ್ನು ಮಲಗಿಸಿದರು. ಒಂದು ಪಕ್ಕ ನಮ್ಮವರು, ತಲೆಯ ಬಳಿ ಅತ್ತೆ. ಮಡಿಕೇರಿಯವರೆಗೂ ಏರು, ತಿರುವು. ಕತ್ತು ತಿರುಗುತ್ತಿರಲಿಲ್ಲ. ಮೇಲೆ ಹಾದುಹೋಗುವ ಮರದ ಕೊಂಬೆಗಳು, ಅವುಗಳ ನಡುವೆ ಅತ್ತೆಯ ಮುಖ, ಇವೆರಡೇ ನನಗೆ ಕಾಣುತ್ತಿದ್ದುದು. ಒಳಗೆ ನಾನು ಪೂರ್ತಿ ಎಚ್ಚರವಾಗಿದ್ದೆ. ಇದನ್ನು ಓದುವವರು ನಂಬಬೇಕು. ನೋವಿಲ್ಲ, ಮಂಪರಿಲ್ಲ. ಮನಸ್ಸು ಎಂದಿನ ಹಾಗೆ ಓಡುತ್ತಿತ್ತು. ಒಲೆಯಲ್ಲಿ ಕೆಂಡ ಹಾಗೇ ಬಿಟ್ಟು ಬಂದೆವಲ್ಲ ಎಂಬ ಯೋಚನೆಯೂ ಬಂತು. ದೇಹ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ.

ಜೋಡುಪಾಲ ದಾಟಿರಬೇಕು. ನನ್ನ ಬಾಯಿಯ ಜೊಲ್ಲನ್ನು ಸೆರಗಿನಿಂದ ಒರೆಸುತ್ತಿದ್ದ ಅತ್ತೆಯ ಕೈ ನಿಂತಿತು. ಅವರು ತಮ್ಮ ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ನೋಡಿಕೊಂಡರು. ಬೆರಳಿನಿಂದ ಉಜ್ಜಿದರು. ಮತ್ತೆ ಕಚ್ಚಿದರು. ನಾನು ನೋಡುತ್ತಿದ್ದುದು ಅವರಿಗೆ ತಿಳಿಯಿತು. ಮುಖ ಆಚೆ ತಿರುಗಿಸಿದರು.

ಮಗ ಅಲ್ಲೇ ಪಕ್ಕದಲ್ಲಿದ್ದರು. ಅತ್ತೆ ಹೇಳಲಿಲ್ಲ.

ಏಕೆ ಹೇಳಲಿಲ್ಲ ಎಂಬುದು ನಮ್ಮವರಿಗೆ ತಿಳಿದಿರಲಿಕ್ಕಿಲ್ಲ. ನನಗೆ ಗೊತ್ತು. ತನ್ನ ತುಟಿಗೂ ಬಂತು ಎಂದರೆ ಸೊಪ್ಪು ಕೆಟ್ಟದ್ದು ಎಂದಾಯಿತು. ಸೊಪ್ಪು ಕೆಟ್ಟದ್ದು ಎಂದರೆ ಸೊಸೆಯನ್ನು ಹೀಗೆ ಮಲಗಿಸಿದ್ದು ತನ್ನ ಕೈ ಎಂದಾಯಿತು. ನಲವತ್ತು ವರ್ಷದ ಹೆಮ್ಮೆ ಆ ಲಾರಿಯಲ್ಲಿ ಅವರ ಬಾಯಿ ಕಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದರು. ಮಾತು ಆಗಲೇ ಎಳೆದೆಳೆದು ಬರುತ್ತಿತ್ತು.

"ನಂಜಾ, ನಾನೇನಾದ್ರೂ ತಪ್ಪು ಸೊಪ್ಪು ಕಿತ್ನೇನೇ?"

ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ಇಲ್ಲ ಅತ್ತೆ ಎನ್ನಲು ನನಗೆ ನಾಲಗೆ ಇರಲಿಲ್ಲ. ಕಣ್ಣು ಅಲುಗಿಸೋಣವೆಂದರೆ ರೆಪ್ಪೆಗಳೂ ಸೋತು ಮುಚ್ಚಿಕೊಂಡವು. ಆಮೇಲೆ ನನ್ನ ತಲೆಯನ್ನು ಹಿಡಿದಿದ್ದ ಕೈಗಳ ಬಿಗಿ ಸಡಿಲವಾಗುತ್ತಾ ಬಂದುದು ತಿಳಿಯಿತು. ತಿರುವಿನಲ್ಲಿ ತಲೆ ಒಮ್ಮೆ ಹಲಗೆಗೆ ಬಡಿಯಿತು. ನಮ್ಮವರು "ಅವ್ವಾ, ಗಟ್ಟಿಯಾಗಿ ಹಿಡ್ಕೋ," ಎಂದು ಗದರಿದರು.



ಆಸ್ಪತ್ರೆಯಲ್ಲಿ ನನಗೆ ಕಂಡದ್ದು ಏನೂ ಇಲ್ಲ, ಕೇಳಿಸಿದ್ದು ಎಲ್ಲ. ಸ್ಟ್ರೆಚರಿನ ಗಾಲಿ. ಫಿನಾಯಿಲ್ ವಾಸನೆ. ಡಾಕ್ಟರ ದನಿ ಎಳೆಯದಿತ್ತು, ಅವಸರವಿರಲಿಲ್ಲ. ರೆಪ್ಪೆ ಎತ್ತಿ ಟಾರ್ಚ್ ಬಿಟ್ಟರು. ಏನು ತಿಂದರು ಎಂದು ಕೇಳಿದರು. ನಮ್ಮವರು ಕೆಸ ಹಾಕಿದ ಮರುವಾಯಿ ಸಾರು, ಕೆಸವೇ ಹೀಗೆ ಮಾಡಿರಬೇಕು ಎಂದರು. ಅಷ್ಟರಲ್ಲಿ ಬೆಂಚಿನಿಂದ ಯಾರೋ ಜಾರಿ ಬಿದ್ದ ಸದ್ದು, ನಮ್ಮವರು "ಅವ್ವಾ" ಎಂದದ್ದು, ಓಡಾಟ. ಅತ್ತೆಯನ್ನು ನನ್ನ ಪಕ್ಕದ ಬೆಡ್ಡಿಗೆ ಹಾಕಿದರು. ನಡುವೆ ಸ್ಕ್ರೀನ್ ಎಳೆದ ಸದ್ದಾಯಿತು.

"ರೆಸ್ಪಿರೇಷನ್ ಫೇಲ್ ಆಗ್ತಾ ಇದೆ. ಇಬ್ಬರದ್ದೂ," ಎಂದರು ಡಾಕ್ಟರು.

ಉಸಿರು ನಿಲ್ಲುವುದು ಎಂದರೆ ಏನೆಂದು ಬರೆಯಬಲ್ಲೆ. ಎದೆ ತಾನಾಗಿ ಏಳುತ್ತದೆ ಎಂಬುದನ್ನು ನಾವು ಯಾರೂ ಯೋಚಿಸುವುದಿಲ್ಲ. ಅದು ಏಳದೆ ಹೋದಾಗ, ಎದೆಯ ಮೇಲೆ ಯಾರೋ ಅಕ್ಕಿ ಮೂಟೆ ಇಟ್ಟ ಹಾಗಾಗುತ್ತದೆ. ಕೂಗುವಂತಿಲ್ಲ. ಒದ್ದಾಡುವಂತಿಲ್ಲ. ನೋಡುವವರಿಗೆ ನೀವು ಸುಮ್ಮನೆ ಮಲಗಿದ್ದೀರಿ.

ನನ್ನನ್ನು ಮಗುಚಿ ಬೋರಲಾಗಿ ಮಲಗಿಸಿದರು. ಬೆನ್ನು ಒತ್ತಿ, ತೋಳು ಹಿಡಿದು ಎತ್ತಿ, ಮತ್ತೆ ಒತ್ತುವುದು. ಹಾಗೆ ಮಾಡಿದರೆ ಗಾಳಿ ಒಳಗೆ ಹೋಗಿ ಬರುತ್ತದೆ. ಕಾಂಪೌಂಡರ್ ಒಬ್ಬರು ಶುರು ಮಾಡಿ ನಮ್ಮವರಿಗೆ ತೋರಿಸಿಕೊಟ್ಟರು. ಸ್ಕ್ರೀನಿನ ಆಚೆ ಸಿಸ್ಟರ್ ಮತ್ತು ಇನ್ನೊಬ್ಬರು ಅತ್ತೆಗೆ ಅದನ್ನೇ ಮಾಡುತ್ತಿದ್ದರು. "ನಿಲ್ಲಿಸಬೇಡಿ. ಈ ವಿಷಕ್ಕೆ ಮದ್ದಿಲ್ಲ, ತಾನಾಗಿ ಇಳಿಯಬೇಕು. ಇಳಿಯುವವರೆಗೆ ಇವರ ಉಸಿರು ನಿಮ್ಮ ಕೈಯಲ್ಲಿದೆ," ಎಂದು ಡಾಕ್ಟರು ನಮ್ಮವರಿಗೆ ಹೇಳಿದರು. ನಮ್ಮವರು ನಿಲ್ಲಿಸಲಿಲ್ಲ. ಎರಡು ಮಾರು ದೂರದಲ್ಲಿ ಹೆತ್ತ ತಾಯಿ. ಅವರು ನನ್ನ ಬಳಿಯಿಂದ ಏಳಲಿಲ್ಲ.

ಒತ್ತಿದಾಗ ದನಿಗಳು ಕೇಳುತ್ತಿದ್ದವು. ಅವರು ತೀರ ಸೋತಾಗ ಕಾಂಪೌಂಡರಿಗೆ ಕೈ ಬದಲಾಗುವ ಆ ಒಂದೆರಡು ಕ್ಷಣ ಎಲ್ಲ ಕಪ್ಪಾಗಿ, ಮತ್ತೆ ಮರಳುತ್ತಿತ್ತು. ಹೀಗಾಗಿ ನನ್ನ ನೆನಪು ತುಂಡು ತುಂಡು. ಎರಡು ಮಾತು ಮಾತ್ರ ಕೆತ್ತಿದ ಹಾಗೆ ಉಳಿದಿವೆ. ಒಂದು, ಡಾಕ್ಟರು ಸ್ಕ್ರೀನಿನ ಬಳಿ ನಿಂತು ಹೇಳಿದ್ದು: "ಕೆಸ ಅಲ್ಲವೇ ಅಲ್ಲ. ಕೆಸ ಗಂಟಲು ಊದಿಸಬಹುದು, ಹೀಗೆ ಮಾಡಲ್ಲ. ಇದು ಮರುವಾಯಿ. ಸಮುದ್ರದ ನೀರು ಕೆಡುವಾಗ ಚಿಪ್ಪಿಗೆ ವಿಷ ಸೇರುತ್ತೆ. ಎಷ್ಟು ಕುದಿಸಿದರೂ ಸಾಯಲ್ಲ, ಸಾರಿಗೆ ಇಳಿಯುತ್ತೆ. ಅಡಿಗೆ ಮಾಡಿದವರದ್ದು ಏನೂ ತಪ್ಪಿಲ್ಲ." ಅವರು ಹಿಂದೆ ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಇಂಥದ್ದನ್ನು ಕಂಡಿದ್ದರಂತೆ.

ಇನ್ನೊಂದು, ಸಿಸ್ಟರ್ ಹೇಳಿದ್ದು.

"ಪಲ್ಸ್ ಇಲ್ಲ, ಡಾಕ್ಟರ್."

ಈ ಎರಡರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ನನಗೆ ನೆನಪಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಎದೆ ತಾನಾಗಿ ಏಳತೊಡಗಿತ್ತು. ಮೊದಲು ಬೆರಳು ಬಂತು, ಆಮೇಲೆ ರೆಪ್ಪೆ. ನಾಲಗೆ ತಿರುಗಿದ್ದು ಮೂರನೆಯ ದಿನ. ಅತ್ತೆ ಎಲ್ಲಿ ಎಂದು ಕೇಳಬೇಕೆಂದು ಕಾದಿದ್ದೆ. ನಮ್ಮವರು ಬಾಗಿಲಲ್ಲಿ ಕಂಡರು. ತಲೆ ಬೋಳಿಸಿಕೊಂಡಿದ್ದರು. ಕೇಳುವ ಅಗತ್ಯ ಬೀಳಲಿಲ್ಲ.

ಇನ್ನೊಂದು ವಾರ ಮಲಗಿಸಿಕೊಂಡು ಮನೆಗೆ ಕಳಿಸಿದರು. ಪೂವಕ್ಕ ಆ ಸಾರಿನ ಪಾತ್ರೆಯನ್ನು ಯಾರೂ ಮುಟ್ಟದ ಹಾಗೆ ಅಂದೇ ಗುಂಡಿ ತೋಡಿ ಹೂತಿದ್ದಳು. ನನ್ನನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. "ನಾ ಹಂಗೆ ಕೇಳ್ದೆ ಇದ್ದಿದ್ರೆ ಅವು ಉಣ್ತಿತ್‌ಲೆ ನಂಜಕ್ಕ," ಎಂದಳು. ಅದು ನಿಜ. ಅವಳ ಕೈ ಹಿಡಿದುಕೊಂಡು ಕೂತೆ. ಕೈಯ ಬಿಸಿ ತಿಳಿಯುತ್ತಿತ್ತು, ಅಷ್ಟು ಮಟ್ಟಿಗೆ ಬೆರಳು ವಾಸಿಯಾಗಿದ್ದವು.

ನಾನು ಮನೆಗೆ ಬಂದ ಕೆಲವು ದಿನಗಳ ಮೇಲೆ ಅಪ್ಪಿ ಬಂದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಬಸ್ಸಿನಲ್ಲಿ ಯಾರೋ ಸುದ್ದಿ ಹೇಳಿದ್ದರಂತೆ. ಜಗಲಿಯ ಮೇಲೆ ಕೂತಳು.

"ನಾನು ಬಾರದ್ದು ಅದಕ್ಕೇ ಅಲ್ವಾ ಅಮ್ಮಾ. ಅಳಿವೆಗೆ ಕೋಲು ಹಾಕಿದ್ದಾರೆ."

ಅವಳು ಬಿಡಿಸಿ ಹೇಳಿದ ಮೇಲೆ ತಿಳಿಯಿತು. ಅಳಿವೆಯ ನೀರು ಕೆಮ್ಮಣ್ಣು ಕಲಸಿದ ಬಣ್ಣಕ್ಕೆ ತಿರುಗಿದರೆ, ಅವಳ ಊರಿನ ಹಿರಿಯರು ಮರಳಿನಲ್ಲಿ ಉದ್ದದ ಕೋಲು ನೆಟ್ಟು ಅದರ ತುದಿಗೆ ಮಾವಿನ ಸೊಪ್ಪು ಕಟ್ಟುತ್ತಾರೆ. ಆ ಕೋಲು ಇರುವವರೆಗೆ ಯಾರೂ ಮೀನು ಹಿಡಿಯುವಂತಿಲ್ಲ, ಮರುವಾಯಿ ಹೆಕ್ಕುವಂತಿಲ್ಲ, ಮಾರುವಂತಿಲ್ಲ, ಮನೆಯಲ್ಲಿ ಉಪವಾಸವಿದ್ದರೂ ತಿನ್ನುವಂತಿಲ್ಲ. ಈ ಸಲ ಮಾತು ಕೇಳದೆ ತಿಂದ ಒಬ್ಬ ಸತ್ತ ಮೇಲೆ ಡಂಗುರವನ್ನೂ ಹೊಡೆಸಿದ್ದರು. ಡಂಗುರ ಕೆಳಗಿನ ಊರುಗಳಲ್ಲಿ ಸುತ್ತಿತು. ಘಟ್ಟದ ಕೆಳಗಿನದು ಮದರಾಸಿನವರ ಸೀಮೆ, ಇಲ್ಲಿಂದ ಮೇಲೆ ನಮ್ಮ ಕೊಡಗು ರಾಜ್ಯ. ಅಲ್ಲಿಯ ಡಂಗುರ ಇಲ್ಲಿಗೆ ಏರಿ ಬರುವುದಿಲ್ಲ. ಅಲ್ಲಿ ಮಾರಲಾರದ್ದು ಲಾರಿಯಲ್ಲಿ ಏರಿ ಬಂತು. ಐತಪ್ಪನೂ ದಾರಿಯಲ್ಲಿ ಆ ಕೋಲನ್ನು ಕಂಡಿದ್ದ. ಯಾವುದೋ ದೈವದ ಹರಕೆ ಎಂದುಕೊಂಡು ಕೈಮುಗಿದು ಬಂದಿದ್ದ.

"ಇಷ್ಟು ವಾರ ನಾವು ಗಂಜಿ ಉಪ್ಪು ತಿಂದದ್ದು," ಎಂದಳು ಅಪ್ಪಿ. "ನಾನು ಬರಲಿಲ್ಲ ಅಂದ್ರೆ ಇಲ್ಲ ಅಂತ ನಿಮಗೆ ಗೊತ್ತಾಗ್ತದೆ ಅಂತ ಮಾಡಿದ್ದೆ. ಒಂದು ಮಾತು ಬಸ್ಸಿನವನ ಹತ್ರ ಹೇಳಿ ಕಳಿಸ್ಲಿಕ್ಕೆ ನನಗೆ ಹೊಳೀಲಿಲ್ಲ."

ಅವಳ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು ನಿಯಮ ಉಳಿಸಿದವಳು ಅವಳು. ಕಡಲಿನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಸಿಟ್ಟು ಇದ್ದದ್ದು ಎಸ್ಟೇಟಿನ ಆಳುಗಳ ಲೈನುಮನೆಗಳ ಜನರ ಮಾತಿನ ಮೇಲೆ. ರೈಟರ ತಾಯಿ ಕಾಡು ಕೆಸ ಬೇಯಿಸಿ ತಾನೂ ಸತ್ತಳು, ಸೊಸೆಯನ್ನೂ ಕೊಲ್ಲುತ್ತಿದ್ದಳು ಎಂದು ಅವರು ಆಡಿಕೊಳ್ಳುತ್ತಿದ್ದರು. ಕೆಲವರು ತಮ್ಮ ಮನೆಯ ಸುತ್ತಲಿನ ಕೆಸವನ್ನು ಕಿತ್ತು ಎಸೆದಿದ್ದರು. ನೀರಿನ ನಲ್ಲಿಯ ಬಳಿ ಒಂದು ದಿನ ಅದನ್ನು ಕೇಳಿ, ಕೋಲು ಊರಿಕೊಂಡು ನಿಂತು, ನನಗೆ ಬರುವ ಬೈಗುಳವೆಲ್ಲ ಬೈದೆ. ಅತ್ತೆ ಇದ್ದಿದ್ದರೆ ಇನ್ನೂ ನಾಲ್ಕು ಸೇರಿಸುತ್ತಿದ್ದರು.

ನಮ್ಮವರು ಬೈಯಲಿಲ್ಲ, ಅಳಲಿಲ್ಲ, ಆ ದಿನದ ಬಗ್ಗೆ ಬಾಯಿ ಬಿಡಲಿಲ್ಲ. ಲಾರಿ ಶೆಡ್ಡಿನ ಬಾಗಿಲಿಗೆ ಒಂದು ಹಲಗೆ ಹೊಡೆದು, ಅಪ್ಪಿ ಬಂದು ಹೇಳುವವರೆಗೆ ಯಾವ ಲಾರಿಯಲ್ಲೂ ಚಿಪ್ಪು ಏರಿಸಕೂಡದು ಎಂದು ದಪ್ಪ ಅಕ್ಷರದಲ್ಲಿ ಬರೆದರು. ಎಸ್ಟೇಟಿನ ದೊರೆ ಯಾರ ಆರ್ಡರು ಎಂದು ಕೇಳಿದಾಗ "ನನ್ನದೇ ಸಾರ್," ಎಂದರಂತೆ. ಆರ್ಡರಿಲ್ಲದೆ ಒಂದು ಗೆರೆ ಎಳೆಯದ ಮನುಷ್ಯ. ಹಲಗೆ ಅಲ್ಲೇ ಉಳಿಯಿತು.

ಹಗಲು ಹೇಗೋ ಕಳೆಯುತ್ತಿತ್ತು. ಸುಮ್ಮನೆ ಕೂತಾಗ ಅದೇ ಪ್ರಶ್ನೆ. ತಪ್ಪು ಸೊಪ್ಪು ಕಿತ್ನೇನೇ ಎಂದು ಕೇಳಿದ ಜೀವಕ್ಕೆ ಉತ್ತರ ಸಿಕ್ಕಿತೋ ಇಲ್ಲವೋ. ಸಾವು ಎಲ್ಲರಿಗೂ ಬರುತ್ತದೆ, ಅತ್ತೆಗೆ ವಯಸ್ಸೂ ಆಗಿತ್ತು. ಆದರೆ ನನ್ನನ್ನು ಕೊಂದೆ ಎಂದುಕೊಂಡು ಹೋಗಿದ್ದರೆ? ನಮ್ಮವರನ್ನು ಕೇಳೋಣವೆಂದರೆ ಅವರ ಮುಖ ನೋಡಿ ಬಾಯಿ ಬರುತ್ತಿರಲಿಲ್ಲ.

ಕಳೆದ ವಾರ ಡಾಕ್ಟರು ತೋರಿಸಲು ಬರಹೇಳಿದ್ದರು. ಬಸ್ಸಿನಲ್ಲಿ ಒಬ್ಬಳೇ ಹೋದೆ. ಮೊಣಕಾಲು ತಟ್ಟಿ, ಕೈ ಹಿಚುಕಿಸಿ ನೋಡಿ, "ಇನ್ನು ನೀವು ಬರಬೇಕಾಗಿಲ್ಲ," ಎಂದರು. ಕೈಮುಗಿದೆ. ಹೊರಗೆ ಬಂದು, ಆ ದಿನ ಅತ್ತೆಯ ಬಳಿ ಇದ್ದ ಸಿಸ್ಟರನ್ನು ಹುಡುಕಿದೆ. ಮಲಯಾಳದ ಕಡೆಯವರು. ವರಾಂಡದಲ್ಲಿ ಬ್ಯಾಂಡೇಜ್ ಸುತ್ತುತ್ತಿದ್ದರು. ನನ್ನ ಗುರುತು ಹಿಡಿದು ನಕ್ಕರು. ನಾನು ಕೇಳಬೇಕಾದ್ದನ್ನು ನೇರವಾಗಿ ಕೇಳಿದೆ. ಡಾಕ್ಟರು ಕೆಸವಲ್ಲ ಎಂದು ಹೇಳಿದಾಗ ನಮ್ಮತ್ತೆ ಇದ್ದರೋ, ಹೋಗಿದ್ದರೋ?

ಸಿಸ್ಟರ್ ಸುತ್ತುವುದನ್ನು ನಿಲ್ಲಿಸಿ ಯೋಚಿಸಿದರು. ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತಲ್ಲ ಅದು.

"ಇದ್ದರು," ಎಂದರು. "ನನ್ನ ಬೆರಳು ಅವರ ಕೈ ಮೇಲೆ ಇತ್ತು. ಡಾಕ್ಟರ್ ಹೇಳುವಾಗ ಪಲ್ಸ್ ಉಂಟು. ಆಮೇಲೆ ಸ್ವಲ್ಪ ಹೊತ್ತು ಕೂಡ ಇತ್ತು. ಮತ್ತೆ ಹೋಯಿತು." ನನ್ನ ಮುಖ ನೋಡಿ ಸೇರಿಸಿದರು: "ಆದರೆ ಅವರಿಗೆ ಬೋಧ, ಎಚ್ಚರ, ಇತ್ತಾ ಅಂತ ಕೇಳಿದ್ರೆ ನಾನು ಹೇಳಕ್ಕೆ ಆಗಲ್ಲ ಅಮ್ಮಾ. ಕಣ್ಣು ಮುಚ್ಚಿತ್ತು. ಕೂಗಿದ್ರೆ ಏನೂ ಇಲ್ಲ."

ನನ್ನ ಕಣ್ಣೂ ಮುಚ್ಚಿತ್ತು. ನನ್ನನ್ನು ಕೂಗಿದರೂ ಏನೂ ಇರಲಿಲ್ಲ. ಆದರೂ ಪಕ್ಕದಲ್ಲೇ ಮಲಗಿ ಎಲ್ಲವನ್ನೂ ಕೇಳಿದವಳು ನಾನು. ಸಿಸ್ಟರಿಗೆ ಗೊತ್ತಿಲ್ಲದ್ದು, ಡಾಕ್ಟರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಆ ವಿಷ ಕಿವಿಯನ್ನು ಮುಟ್ಟುವುದಿಲ್ಲ.

ಮನೆಗೆ ಬಂದಾಗ ನಮ್ಮವರು ಹಾಜರಿ ಪುಸ್ತಕ ಬರೆಯುತ್ತಿದ್ದರು. ಎದುರು ಕೂತು ಹೇಳಿದೆ. ಡಾಕ್ಟರು ಕೆಸವಲ್ಲ ಎಂದಾಗ ಅತ್ತೆಗೆ ಇನ್ನೂ ಜೀವವಿತ್ತು ಎಂದೆ. ಅವರು ಪೆನ್ನು ಹಿಡಿದೇ ನನ್ನನ್ನು ನೋಡಿದರು.

"ಅವ್ವಂಗೆ ಕೇಳಿಸ್ತು ಅಂತೀಯಾ?"

"ಕೇಳಿಸ್ತು," ಎಂದೆ. "ನಂಗೆ ಕೇಳಿಸ್ಲಿಲ್ವಾ?"

ನಮ್ಮವರು ಪುಸ್ತಕ ಮುಚ್ಚಿದರು. ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಇಷ್ಟು ದಿನಗಳಲ್ಲಿ ಮೊದಲ ಸಲ, ದನಿ ತೆಗೆದು ಅತ್ತರು. ನಾನು ತಡೆಯಲಿಲ್ಲ.